ಊರು ಹೆಸರುವಾಸಿಯಾದ ಮೇಲೆ ಊರಿನವರೇ ಏಕೆ ಊರು ಬಿಡುತ್ತಾರೆ?

ಓದುಗರ ಪ್ರಶ್ನೆ: ಪ್ರವಾಸಿಗರು ಬಂದರೆ ಚಿಕ್ಕ ಊರಿಗೆ ಹಣ ಬರುತ್ತದೆ, ಕೆಲಸ ಹುಟ್ಟುತ್ತದೆ, ಹಳೆಯ ಕಟ್ಟಡಗಳು ದುರಸ್ತಿಯಾಗುತ್ತವೆ ಎನ್ನುತ್ತಾರೆ. ಹಾಗಿದ್ದರೂ ಹೆಸರಾದ ಊರುಗಳಿಂದ ಅಲ್ಲಿಯೇ ಹುಟ್ಟಿ ಬೆಳೆದವರು ಹೊರಗೆ ಹೋಗುವುದೇಕೆ? ಜನಜಂಗುಳಿಯೇ ಇದಕ್ಕೆ ಕಾರಣವೇ?

ಉತ್ತರ: ಜನಜಂಗುಳಿ ಎದ್ದು ಕಾಣುವ ಕಾರಣ ನಿಜ, ಆದರೆ ಮುಖ್ಯ ಕಾರಣವಲ್ಲ. ಬೀದಿಯಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಸಂಜೆಗೆ ಮರಳಲು ಒಂದು ಮನೆ, ಮಕ್ಕಳಿಗೆ ಶಾಲೆ, ನಡೆದು ಹೋಗುವಷ್ಟು ದೂರದಲ್ಲಿ ದಿನಬಳಕೆಯ ಸಾಮಾನು ಸಿಗುವ ಅಂಗಡಿ ಇದ್ದರೆ ಜನ ಹೇಗೋ ಹೊಂದಿಕೊಂಡು ಬದುಕುತ್ತಾರೆ. ಮನೆ ಎಂಬುದು ವಾಸದ ಜಾಗವಾಗಿ ಉಳಿಯದೆ, ರಾತ್ರಿಯ ಲೆಕ್ಕದಲ್ಲಿ ಹಣ ತರುವ ಆಸ್ತಿಯಾದಾಗ ಊರು ಬಿಡುವ ಪ್ರಸಂಗ ಬರುತ್ತದೆ. ಪ್ರವಾಸೋದ್ಯಮವು ಊರನ್ನು ಹೇಗೆ ಬದಲಿಸುತ್ತದೆ ಎಂದು ತಿಳಿಯಬೇಕಾದರೆ ಪ್ರವಾಸಿಗರನ್ನು ಎಣಿಸುವುದಕ್ಕಿಂತ ಮೊದಲು ಮನೆಗಳನ್ನು ಎಣಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಬದಲಾವಣೆಯಲ್ಲಿ ಖಳನಾಯಕರನ್ನು ಹುಡುಕಬೇಕಾಗಿಲ್ಲ. ತಿಂಗಳ ಬಾಡಿಗೆಗೆ ಒಂದು ಕುಟುಂಬಕ್ಕೆ ಮನೆ ಕೊಟ್ಟಿದ್ದ ಮಾಲೀಕರಿಗೆ, ಅದೇ ಮನೆಯನ್ನು ಪ್ರವಾಸಿಗರಿಗೆ ಬಿಟ್ಟರೆ ಕೆಲವೇ ರಾತ್ರಿಗಳಲ್ಲಿ ತಿಂಗಳ ಬಾಡಿಗೆಯಷ್ಟು ಹಣ ಕೈಗೆ ಬರುತ್ತದೆ ಎಂದು ಗೊತ್ತಾಗುತ್ತದೆ. ಕರಾರು ಮುಗಿದಾಗ ಕುಟುಂಬವು ಖಾಲಿ ಮಾಡುತ್ತದೆ. ಬಾಗಿಲ ಪಕ್ಕದ ಗೋಡೆಗೆ, ಅಂಕಿ ಒತ್ತಿ ತೆರೆಯುವ, ಬೀಗದ ಕೈ ಇಡುವ ಸಣ್ಣ ಪೆಟ್ಟಿಗೆಯೊಂದು ಬರುತ್ತದೆ. ಒಂದು ಬೀದಿಯಲ್ಲಿ ಇಂಥ ಪೆಟ್ಟಿಗೆ ಒಂದೆರಡಿದ್ದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ, ಆದರೆ ಬೀದಿಯ ಅರ್ಧ ಮನೆಗಳಿಗೆ ಅವು ಬಂದಾಗ ಹೊಲಿಗೆಯವರಿಗೆ ಖಾಯಂ ಗಿರಾಕಿಗಳು ಉಳಿದಿರುವುದಿಲ್ಲ, ಶಾಲೆಗೆ ಸೇರುವ ಮಕ್ಕಳು ಕಡಿಮೆಯಾಗಿ ತರಗತಿಗಳು ಮುಚ್ಚುತ್ತವೆ, ಮಳಿಗೆಗಳ ಬಾಡಿಗೆಯೂ ಏರಿ, ಬಲ್ಬು, ಮೊಳೆ, ನೋಟ್‌ಬುಕ್ಕು ಮಾರುತ್ತಿದ್ದ ಕಡೆಯಲ್ಲಿ ನೆನಪಿನ ಕಾಣಿಕೆಗಳು ಬಂದು ಕೂರುತ್ತವೆ. ಆಮೇಲೆ ಸ್ವಂತ ಮನೆ ಇದ್ದವರಿಗೂ ಊರಿನಲ್ಲಿ ಬದುಕುವುದು ಕಷ್ಟವಾಗುತ್ತದೆ, ಮಾರಿ ಹೋಗುವುದು ಲಾಭದಾಯಕವಾಗಿಯೂ ಕಾಣುತ್ತದೆ. ಪ್ರತಿಯೊಬ್ಬರ ನಿರ್ಧಾರವೂ ಅವರವರ ಮಟ್ಟಿಗೆ ಸರಿಯೇ. ಎಲ್ಲವೂ ಸೇರಿದಾಗ ಮಾತ್ರ ಊರು ಖಾಲಿಯಾಗಿರುತ್ತದೆ.

ಇದನ್ನು ಅಂಕಿಗಳಲ್ಲಿ ಕಣ್ಣಾರೆ ಕಾಣಬಹುದಾದ ಜಾಗ ಇಟಲಿಯ ವೆನಿಸ್. ಅಲ್ಲಿನ ಔಷಧದಂಗಡಿಯೊಂದರ ಕಿಟಕಿಯಲ್ಲಿ, ಐತಿಹಾಸಿಕ ದ್ವೀಪನಗರದಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆಯನ್ನು ತೋರಿಸುವ ಫಲಕವನ್ನು 2008ರಲ್ಲಿ ಇಡಲಾಯಿತು. 1951ರಲ್ಲಿ ಸುಮಾರು 1,75,000 ಇದ್ದ ಆ ಸಂಖ್ಯೆ 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಪುಸ್ತಕದಂಗಡಿಯೊಂದರಲ್ಲಿ ಇನ್ನೊಂದು ಫಲಕ ಬಂತು. ಅದು ಪ್ರವಾಸಿಗರಿಗೆಂದು ಇರುವ ಹಾಸಿಗೆಗಳನ್ನು ಲೆಕ್ಕ ಹಾಕುತ್ತದೆ. ಅದೇ ವರ್ಷ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ದಾಟಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಈ ಇಳಿತಕ್ಕೆಲ್ಲ ಪ್ರವಾಸಿಗರೇ ಹೊಣೆಯಲ್ಲ. ತೇವ ಹಿಡಿದ ಹಳೆಯ ಮನೆಗಳು, 1966ರ ಭೀಕರ ಪ್ರವಾಹ, ಎದುರಿನ ಮುಖ್ಯಭೂಮಿಯಲ್ಲಿದ್ದ ಕಾರ್ಖಾನೆ ಕೆಲಸ ಮತ್ತು ಹೊಸ ಮನೆಗಳು ಮೊದಲ ದಶಕಗಳಲ್ಲಿ ಜನರನ್ನು ಹೊರಗೆ ಕರೆದೊಯ್ದವು. ಪ್ರವಾಸೋದ್ಯಮ ಮಾಡಿದ್ದು ಬೇರೆಯದು: ಹಾಗೆ ಖಾಲಿಯಾದ ಮನೆಗಳಿಗೆ ಮತ್ತೆ ಕುಟುಂಬಗಳು ಬರುವ ದಾರಿಯನ್ನು ಅದು ಮುಚ್ಚಿತು.

ಚೀನಾದ ಲಿಜಿಯಾಂಗ್‌ನಲ್ಲಿ ಇದೇ ಕ್ರಿಯೆ ಬಹಳ ಬೇಗ ನಡೆಯಿತು. ನಾಶಿ ಸಮುದಾಯದವರ ಆ ಹಳೆಯ ಪಟ್ಟಣ 1996ರಲ್ಲಿ ಭೂಕಂಪಕ್ಕೆ ಸಿಲುಕಿ, 1997ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊರಗಿನ ವ್ಯಾಪಾರಿಗಳು ಒಳ್ಳೆಯ ಬಾಡಿಗೆ ಕೊಡಲು ಮುಂದೆ ಬಂದಾಗ, ಅನೇಕ ನಾಶಿ ಕುಟುಂಬಗಳು ಹಳೆಯ ಮನೆಗಳನ್ನು ಅವರಿಗೆ ಬಿಟ್ಟು ಹೊಸ ಬಡಾವಣೆಗಳಿಗೆ ಹೋದವು. ಅವರಲ್ಲಿ ಹಲವರ ಆದಾಯ ಹೆಚ್ಚಿತು, ವಾಸದ ಅನುಕೂಲವೂ ಹೆಚ್ಚಿತು. ಕಾಲುವೆಗಳು, ಹೆಂಚಿನ ಮಾಡುಗಳು ಉಳಿದವು. ಯಾರ ಬದುಕಿನಿಂದಾಗಿ ಆ ಪಟ್ಟಣಕ್ಕೆ ಬೆಲೆ ಬಂದಿತ್ತೋ ಅವರಲ್ಲಿ ಹೆಚ್ಚಿನವರು ಅಲ್ಲಿ ಉಳಿಯಲಿಲ್ಲ.

ಆದರೂ ಬಹುತೇಕ ಊರುಗಳ ಆಡಳಿತ ಮೊದಲು ಕೈಹಾಕುವುದು ಜನಜಂಗುಳಿಗೇ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ವಾಸಿಸುವವರು ಸುಮಾರು 750 ಮಂದಿ. ಬೇಸಿಗೆಯ ದಟ್ಟಣೆಯಲ್ಲಿ ಒಂದೇ ದಿನ 10,000ದಷ್ಟು ಜನ ಬಂದುಹೋಗುವುದುಂಟು. ಸರೋವರದ ಅಂಚಿನಲ್ಲಿ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗಕ್ಕೆ 2023ರ ಮೇ ತಿಂಗಳಲ್ಲಿ ಮರದ ಹಲಗೆಗಳ ಅಡ್ಡಗೋಡೆ ಹಾಕಿದರು, ಜಾಲತಾಣಗಳಲ್ಲಿ ಟೀಕೆ ಎದ್ದಾಗ ಕೆಲವೇ ದಿನಗಳಲ್ಲಿ ತೆಗೆದರು. ಮರುವರ್ಷ ಜಪಾನಿನ ಫುಜಿಕಾವಾಗುಚಿಕೊ ಪಟ್ಟಣವೂ ಇಂಥದ್ದೇ ಕೆಲಸ ಮಾಡಿತು: ಅಂಗಡಿಯೊಂದರ ಹಿಂದೆ ಫುಜಿ ಪರ್ವತ ಕಾಣುವ ಜಾಗದೆದುರು 2.5 ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಬಲೆಯನ್ನು ಕಟ್ಟಿತು. ಕ್ಯಾಮೆರಾ ತೂರುವಷ್ಟು ತೂತುಗಳು ಆ ಬಲೆಯಲ್ಲಿ ಬೇಗನೆ ಕಾಣಿಸಿಕೊಂಡವು, ಆಗಸ್ಟ್‌ನಲ್ಲಿ ಅದನ್ನು ಇಳಿಸಲಾಯಿತು. ವೆನಿಸ್ ಕೂಡ 2024ರ ಏಪ್ರಿಲ್ 25ರಿಂದ, ರಾತ್ರಿ ತಂಗದೆ ಅದೇ ದಿನ ಮರಳುವ ಪ್ರವಾಸಿಗರಿಂದ ಆಯ್ದ ದಿನಗಳಲ್ಲಿ 5 ಯೂರೋ ಪ್ರವೇಶ ಶುಲ್ಕ ಪಡೆಯಲು ಆರಂಭಿಸಿತು.

ಇಂಥ ಕ್ರಮಗಳನ್ನು ನಾನು ತಳ್ಳಿಹಾಕುವುದಿಲ್ಲ. ರಸ್ತೆ ದಾಟಲು ಪರದಾಡುವ, ಮನೆಯ ಅಂಗಳಕ್ಕೇ ಅಪರಿಚಿತರು ನುಗ್ಗುವ ಕಿರಿಕಿರಿ ಸಣ್ಣದಲ್ಲ. ನಿವಾಸಿಗಳ ಮನಸ್ಸು ಸಂಭ್ರಮದಿಂದ ನಿರ್ಲಿಪ್ತತೆಗೆ, ಅಲ್ಲಿಂದ ಕಿರಿಕಿರಿಗೆ, ಕೊನೆಗೆ ವಿರೋಧಕ್ಕೆ ಸಾಗುತ್ತದೆ ಎಂದು ಪ್ರವಾಸೋದ್ಯಮದ ಅಧ್ಯಯನಕಾರ ಜಾರ್ಜ್ ಡಾಕ್ಸಿ 1975ರಲ್ಲೇ ಗುರುತಿಸಿದ್ದರು. ಆದರೆ ಅಡ್ಡಗೋಡೆಯಾಗಲಿ ಪ್ರವೇಶ ಶುಲ್ಕವಾಗಲಿ, ಕರಾರು ಮುಗಿದ ಕುಟುಂಬಕ್ಕೆ ಇನ್ನೊಂದು ಬಾಡಿಗೆ ಮನೆಯನ್ನು ಹುಡುಕಿಕೊಡುವುದಿಲ್ಲ.

ಪ್ರಶ್ನೆಯಲ್ಲಿ ಹೇಳಿರುವ ಲಾಭಗಳು ಸುಳ್ಳಲ್ಲ, ಅವನ್ನು ಹಗುರವಾಗಿ ಕಾಣುವುದೂ ತಪ್ಪು. ಇಟಲಿಯ ಮಾತೇರಾದಲ್ಲಿ ಬಂಡೆ ಕೊರೆದು ಮಾಡಿದ ಮನೆಗಳಲ್ಲಿದ್ದ ಬಡ ಕುಟುಂಬಗಳನ್ನು 1952ರ ಕಾನೂನಿನಡಿ ಸ್ಥಳಾಂತರಿಸಿದ ಮೇಲೆ ಆ ಭಾಗವೆಲ್ಲ ಪಾಳು ಬಿದ್ದಿತ್ತು. 1993ರ ಯುನೆಸ್ಕೋ ಮನ್ನಣೆಯ ನಂತರ ಹೆಚ್ಚಿದ ಪ್ರವಾಸಿಗರ ಹಣವಿಲ್ಲದಿದ್ದರೆ ಆ ಗುಹಾಮನೆಗಳಲ್ಲಿ ಎಷ್ಟೋ ಇಂದು ನಿಂತಿರುತ್ತಿರಲಿಲ್ಲ. ಅದೇ ದೇಶದ ಚಿವಿತಾ ದಿ ಬಾನ್ಯೊರೆಜ್ಜೊ ಎಂಬ ಬೆಟ್ಟದ ತುದಿಯ ಹಳ್ಳಿಗೆ, ಕಾಲುಸೇತುವೆಯ ಮೂಲಕವಷ್ಟೇ ಹೋಗಬೇಕಾದ ಆ ಜಾಗಕ್ಕೆ, 2013ರಲ್ಲಿ ಪ್ರವೇಶ ಶುಲ್ಕ ವಿಧಿಸಿದರು. ಶುಲ್ಕದ ಸುದ್ದಿಯೇ ಹೆಸರನ್ನು ಇನ್ನಷ್ಟು ಹರಡಿತು, ಪ್ರವಾಸಿಗರು ಹೆಚ್ಚಿದರು, ಸುತ್ತಲಿನ ಪಟ್ಟಣದ ಬೊಕ್ಕಸ ತುಂಬಿತು. ಆದರೆ ಹಳ್ಳಿಯೊಳಗೆ ವರ್ಷವಿಡೀ ವಾಸಿಸುವವರು ಇಂದಿಗೂ ಬೆರಳೆಣಿಕೆಯಷ್ಟೇ. ಕಲ್ಲಿನ ಗೋಡೆಗಳನ್ನು ಉಳಿಸುವುದು ಮತ್ತು ಅವುಗಳ ಒಳಗೆ ನೆರೆಹೊರೆಯನ್ನು ಉಳಿಸುವುದು ಎರಡು ಬೇರೆ ಕೆಲಸಗಳು. ಮೊದಲನೆಯದನ್ನು ಪ್ರವಾಸೋದ್ಯಮ ಚೆನ್ನಾಗಿ ಮಾಡಬಲ್ಲದು, ಎರಡನೆಯದನ್ನು ನಿಯಮವಿಲ್ಲದೆ ಎಂದೂ ಮಾಡದು.

ಹಾಗಾದರೆ ಮನೆಗಳ ಬಳಕೆಗೇ ನಿಯಮ ಹಾಕಿದರೆ ಸಾಕೇ? ಇಲ್ಲಿಯೂ ಫಲ ಮಿಶ್ರವಾಗಿದೆ, ಮತ್ತು ಆ ಮಿಶ್ರಫಲದಿಂದ ಕಲಿಯುವುದು ಬಹಳವಿದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಸೇಂಟ್ ಐವ್ಸ್ ಎಂಬ ಕಡಲೂರಿನ ಮತದಾರರು, ಹೊಸದಾಗಿ ಕಟ್ಟುವ ಮನೆಗಳು ಖಾಯಂ ವಾಸಿಗಳಿಗೇ ಮೀಸಲಾಗಬೇಕೆಂದು 2016ರಲ್ಲಿ ಭಾರಿ ಬಹುಮತದಿಂದ ಒಪ್ಪಿದರು. ನಿಯಮವು ಹೊಸ ಮನೆಗಳಿಗೆ ಮಾತ್ರ ಅನ್ವಯಿಸಿದ್ದರಿಂದ, ರಜೆಯ ಮನೆ ಬೇಕಾದವರು ಹಳೆಯ ಮನೆಗಳತ್ತ ತಿರುಗಿದರು. ಇತ್ತ ಹೊಸ ಮನೆ ಕಟ್ಟುವ ಉತ್ಸಾಹವೂ ಕುಗ್ಗಿತು. ಸ್ವಿಟ್ಜರ್ಲೆಂಡಿನ ಜನ 2012ರ ಮಾರ್ಚ್ 11ರಂದು ಅತ್ಯಲ್ಪ ಅಂತರದ ಬಹುಮತದಿಂದ, ಯಾವುದೇ ಊರಿನಲ್ಲಿ ಎರಡನೇ ಮನೆಗಳ, ಅಂದರೆ ಖಾಯಂ ವಾಸಕ್ಕಲ್ಲದ ಮನೆಗಳ, ಪಾಲು ಶೇ 20ನ್ನು ಮೀರಬಾರದೆಂದು ತೀರ್ಮಾನಿಸಿದರು. ಹಲವು ಬೆಟ್ಟದೂರುಗಳು ಆ ಮಿತಿಯನ್ನು ಅದಾಗಲೇ ದಾಟಿದ್ದವು. ಕಟ್ಟಡ ಕೆಲಸವನ್ನೇ ನಂಬಿದ್ದ ಅಲ್ಲಿನ ಜನರ ಉದ್ಯೋಗಕ್ಕೆ ಪೆಟ್ಟು ಬಿತ್ತು.

ಈ ಎರಡೂ ನಿಯಮಗಳ ಉದ್ದೇಶದಲ್ಲಿ ದೋಷವಿಲ್ಲ, ಬಂದ ಹೊತ್ತು ತಡವಾಯಿತು ಎಂಬುದು ನನ್ನ ಓದು. ಪ್ರವಾಸಿ ತಾಣವೊಂದು ಪತ್ತೆಯಾಗುವ ಹಂತದಿಂದ ಊರಿನವರು ತೊಡಗಿಕೊಳ್ಳುವ ಹಂತಕ್ಕೂ, ಆಮೇಲೆ ಬೆಳವಣಿಗೆಯ ಹಂತಕ್ಕೂ, ಮುಂದೆ ಸ್ಥಗಿತದ ಹಂತಕ್ಕೂ ಹೇಗೆ ಸಾಗುತ್ತದೆ ಎಂದು ಭೂಗೋಳ ತಜ್ಞ ರಿಚರ್ಡ್ ಬಟ್ಲರ್ 1980ರಲ್ಲಿ ವಿವರಿಸಿದ ಮಾದರಿ ಇಂದಿಗೂ ಬಳಕೆಯಲ್ಲಿದೆ. ಆ ಮಾದರಿಯ ಮೊದಲ ಎರಡು ಹಂತಗಳಲ್ಲಿ ಪ್ರವಾಸಿಗರನ್ನು ನೋಡಿಕೊಳ್ಳುವವರು ಹೆಚ್ಚಾಗಿ ಊರಿನವರೇ ಆಗಿರುತ್ತಾರೆ, ಆಸ್ತಿಯ ಬೆಲೆಯೂ ಅವರ ಕೈ ಮೀರಿರುವುದಿಲ್ಲ. ಮನೆಗಳಿಗೆ ಸಂಬಂಧಿಸಿದ ನಿಯಮವನ್ನು ಯಾರ ಹೊಟ್ಟೆಯ ಮೇಲೂ ಹೊಡೆಯದೆ ತರಲು ಸಾಧ್ಯವಿರುವುದು ಆಗಲೇ, ಆದರೆ ಅದರ ಅಗತ್ಯ ಯಾರಿಗೂ ಕಾಣದ ಕಾಲವೂ ಅದೇ. ಆದ್ದರಿಂದ ಈಗಷ್ಟೇ ಹೆಸರು ಮಾಡುತ್ತಿರುವ ಊರಿನ ಆಡಳಿತವು ಮಾಡಬೇಕಾದ ಮೊದಲ ಕೆಲಸ ಖರ್ಚಿನದಲ್ಲ: ಪ್ರವಾಸಿಗರು ವಿರಳವಾಗಿರುವ ತಿಂಗಳಿನಲ್ಲಿ ಎಷ್ಟು ಮನೆಗಳಲ್ಲಿ ಜನ ವಾಸವಿದ್ದಾರೆ, ಎಷ್ಟು ಮನೆಗಳು ರಾತ್ರಿ ಲೆಕ್ಕದ ಬಾಡಿಗೆಗೆ ಹೋಗಿವೆ ಎಂದು ಪ್ರತಿವರ್ಷ ಎಣಿಸಿ ಪ್ರಕಟಿಸುವುದು, ಮತ್ತು ಆ ಪಾಲು ಎಷ್ಟನ್ನು ದಾಟಿದರೆ ಹೊಸ ಪರವಾನಗಿ ನಿಲ್ಲಬೇಕು ಎಂಬುದನ್ನು, ಹಳೆಯ ಮನೆಗಳನ್ನೂ ಸೇರಿಸಿ, ಮುಂಚಿತವಾಗಿಯೇ ಗೊತ್ತುಮಾಡುವುದು.