ಗಂಧದೆಣ್ಣೆಗೆ ಅಂಟಿಕೊಂಡ ‘ತೊಂಬತ್ತು’

ಶ್ರೀಗಂಧದ ಎಣ್ಣೆಯ ವ್ಯವಹಾರದಲ್ಲಿ ಒಂದು ಅಂಕಿ ಬಹಳ ಕಾಲದಿಂದ ಓಡಾಡುತ್ತಿದೆ. ಒಳ್ಳೆಯ ಎಣ್ಣೆ ಅಂದರೆ ಅದರಲ್ಲಿ ಶೇ. 90ರಷ್ಟು ಸ್ಯಾಂಟಲಾಲ್ ಇರಬೇಕು ಅನ್ನುತ್ತಾರೆ. ಗಂಧದ ಪರಿಮಳಕ್ಕೆ ಮುಖ್ಯ ಕಾರಣ ಈ ಸ್ಯಾಂಟಲಾಲೇ. ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಜಮೀನಿನಲ್ಲಿ ಗಂಧದ ಗಿಡ ಹಾಕಿಕೊಂಡವರಿಗೆ ಈ ಅಂಕಿಯ ಕತೆ ಗೊತ್ತಿರಲೇಬೇಕು ಎಂದು ನನಗೆ ಅನ್ನಿಸುತ್ತದೆ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಸ್ವಂತ ಜಮೀನಿನ ಗಂಧದ ಮರ ಜಮೀನಿನವರದ್ದೇ ಆಯಿತು. ಮರ ನಮ್ಮದಾದ ಮೇಲೆ ಅದರೊಳಗಿನ ಎಣ್ಣೆಯ ಲೆಕ್ಕವೂ ನಮಗೆ ತಿಳಿಯಬೇಕು, ಅಲ್ವಾ?

ಹಿಂದೆ ಮಲೆನಾಡಿನ ಗಂಧ ಬಹುಪಾಲು ಮರವಾಗಿಯೇ ಹೊರಗೆ ಹೋಗುತ್ತಿತ್ತು. ಸಾಗರ, ಸೊರಬದ ಗುಡಿಗಾರರು ಕೆತ್ತನೆಗೆ ಬಳಸುತ್ತಿದ್ದದ್ದು ಸ್ವಲ್ಪ. ಉಳಿದದ್ದು ಹರಾಜಾಗಿ, ಅದರಲ್ಲಿ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು, ಆ ದಾರಿ ಮುಚ್ಚಿತು. ಆಗ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ರಸಾಯನ ವಿಜ್ಞಾನಿಗಳಾದ ಸಡ್‌ಬರೊ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ಇಳಿಸಬಹುದು ಎಂದು ಮಾಡಿ ತೋರಿಸಿದರು. 1916ರಲ್ಲಿ ಸಂಸ್ಥಾನದಲ್ಲಿ ಗಂಧದೆಣ್ಣೆ ತಯಾರಿಕೆ ಆರಂಭವಾಯಿತು. 1944ರಲ್ಲಿ ಶಿವಮೊಗ್ಗಕ್ಕೂ ಕಾರ್ಖಾನೆ ಬಂತು.

ಎಣ್ಣೆ ಇಳಿಸುವ ವಿಧಾನ ಹಬೆಯ ಭಟ್ಟಿ. ಸ್ಯಾಂಟಲಾಲ್ ತಾನಾಗಿ ಕುದಿಯಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ನೀರಿನ ಹಬೆಯ ಜೊತೆ ಸೇರಿದರೆ 100 ಡಿಗ್ರಿಯ ಆಸುಪಾಸಿನಲ್ಲೇ ಸ್ವಲ್ಪ ಸ್ವಲ್ಪವಾಗಿ ಮೇಲೇಳುತ್ತದೆ. ಚೇಗು (ಮರದ ಒಳತಿರುಳು) ಮತ್ತು ಬೇರಿನ ಪುಡಿಯಿಂದ ಹೀಗೆ ಎಣ್ಣೆ ಇಳಿಯುತ್ತದೆ. ಇದರಿಂದ ಮರ ಬೇರೆ, ಎಣ್ಣೆ ಬೇರೆ ಆಗುತ್ತದೆ ಅಷ್ಟೆ. ಎಣ್ಣೆಯೊಳಗೆ ಹತ್ತಾರು ವಸ್ತುಗಳು ಕಲೆತುಕೊಂಡೇ ಇರುತ್ತವೆ.

ಆ ಕಾಲದ ಪರೀಕ್ಷೆ ಹೀಗಿತ್ತು. ಸ್ಯಾಂಟಲಾಲ್ ಆಲ್ಕೋಹಾಲ್ ಗುಂಪಿನ ವಸ್ತು. ಎಣ್ಣೆಯನ್ನು ಅಸೆಟಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕದ ಜೊತೆ ಕಾಯಿಸಿದರೆ ಒಳಗಿನ ಆಲ್ಕೋಹಾಲ್‌ಗಳೆಲ್ಲ ಅದರೊಡನೆ ಸೇರಿಕೊಳ್ಳುತ್ತವೆ. ಎಷ್ಟು ಸೇರಿತು ಎಂದು ಅಳೆದು, ಅಷ್ಟೂ ಸ್ಯಾಂಟಲಾಲೇ ಎಂದು ಲೆಕ್ಕ ಹಾಕುತ್ತಿದ್ದರು. ಶೇ. 90 ಅನ್ನುವುದು ಈ ಲೆಕ್ಕದ ಕೂಸು. ಎಲ್ಲಾ ಆಲ್ಕೋಹಾಲ್‌ಗಳ ಮೊತ್ತಕ್ಕೆ ಸ್ಯಾಂಟಲಾಲ್ ಎಂಬ ಒಂದೇ ಹೆಸರು ಬಂದುಬಿಟ್ಟಿತು. ಆಗಿನ ರಸಾಯನ ವಿಜ್ಞಾನಿಗಳು ಮೋಸ ಮಾಡಲಿಲ್ಲ. ಒಂದೊಂದನ್ನೂ ಬೇರ್ಪಡಿಸಿ ನೋಡುವ ಉಪಾಯ ಅವರ ಹತ್ತಿರ ಇರಲಿಲ್ಲ.

ತೊಂದರೆ ಎಲ್ಲಿ ಬರುತ್ತದೆ ನೋಡಿ. ಆಸ್ಟ್ರೇಲಿಯಾದ ಒಂದು ಜಾತಿಯ ಗಂಧದಲ್ಲಿ ಸ್ಯಾಂಟಲಾಲ್ ಕಡಿಮೆ, ಫಾರ್ನೆಸಾಲ್ ಎಂಬ ಇನ್ನೊಂದು ಆಲ್ಕೋಹಾಲ್ ಜಾಸ್ತಿ. ಸ್ಯಾಂಟಲಾಲ್‌ನ ಅಣುತೂಕ 220, ಫಾರ್ನೆಸಾಲ್‌ನದು 222. ಹಳೆಯ ಪರೀಕ್ಷೆಗೆ ಇವೆರಡೂ ಒಂದೇ. ನಮ್ಮ ಮಲೆನಾಡಿನ ಗಂಧಕ್ಕೂ ಅದಕ್ಕೂ ಇರುವ ವ್ಯತ್ಯಾಸ ಮೂಗಿಗೆ ಗೊತ್ತಾದರೂ ಕಾಗದದ ಮೇಲೆ ಕಾಣುತ್ತಿರಲಿಲ್ಲ.

ಬೇರ್ಪಡಿಸುವ ಉಪಾಯ ಹುಟ್ಟಿದ್ದು ಎಣ್ಣೆಗೆ ಸಂಬಂಧವೇ ಇಲ್ಲದ ಕಡೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್‌ಗೆ ಎಲೆಯ ಹಸಿರಿನಲ್ಲಿ ಏನೇನಿದೆ ಎಂದು ತಿಳಿಯಬೇಕಿತ್ತು. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ತುಂಬಿ, ಮೇಲೆ ಎಲೆಯ ಸಾರ ಹಾಕಿ, ದ್ರಾವಕ ಸುರಿದರು. ಸಾರ ಕೆಳಗಿಳಿಯುತ್ತಾ ಹಸಿರು, ಹಳದಿ ಪಟ್ಟಿಗಳಾಗಿ ಬಿಡಿಸಿಕೊಂಡಿತು. 1903ರಲ್ಲಿ ವಾರ್ಸಾದಲ್ಲಿ ಇದನ್ನು ವಿವರಿಸಿದರು. 1906ರಲ್ಲಿ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟರು. ದೊಡ್ಡ ರಸಾಯನ ವಿಜ್ಞಾನಿಗಳು ನಂಬಲಿಲ್ಲ. 1919ರಲ್ಲಿ ಸ್ವೆಟ್ ತೀರಿಕೊಂಡರು. ಅವರ ಕೆಲಸಕ್ಕೆ ಮತ್ತೆ ಜೀವ ಬಂದದ್ದು 1931ರಲ್ಲಿ. ಹೈಡಲ್‌ಬರ್ಗ್‌ನಲ್ಲಿ ಕುನ್ ಮತ್ತು ಲೆಡರರ್ ಅದೇ ವಿಧಾನದಿಂದ, ಕ್ಯಾರೆಟ್‌ಗೆ ಬಣ್ಣ ಕೊಡುವ ಕ್ಯಾರೊಟಿನ್‌ನಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆ ಇರುವುದನ್ನು ತೋರಿಸಿದರು. ಇಷ್ಟು ಸರಳವಾದ ಪ್ರಯೋಗ ಇಪ್ಪತ್ತೈದು ವರ್ಷ ಮೂಲೆಯಲ್ಲಿ ಬಿದ್ದಿತ್ತಲ್ಲ ಎಂದು ಈಗಲೂ ಬೇಜಾರಾಗುತ್ತದೆ.

ಇದರ ಗುಟ್ಟು ಇಷ್ಟೇ. ಸಾಗರದ ಮಾರಿಕಾಂಬಾ ಜಾತ್ರೆಯ ಬೀದಿಯಲ್ಲಿ ಹತ್ತು ಮಂದಿ ಒಟ್ಟಿಗೆ ಹೊರಟರು ಅಂದುಕೊಳ್ಳಿ. ಬಳೆ ಅಂಗಡಿ, ಮಿಠಾಯಿ ಅಂಗಡಿ ಅಂತ ಎಲ್ಲದಕ್ಕೂ ನಿಲ್ಲುವವರು ಹಿಂದೆ ಬೀಳುತ್ತಾರೆ. ಸುಮ್ನೆ ನಡೆಯುವವರು ಮುಂದೆ ಹೋಗುತ್ತಾರೆ. ಬೀದಿ ಉದ್ದವಾದಷ್ಟೂ ಅವರ ನಡುವಿನ ಅಂತರ ಹೆಚ್ಚುತ್ತದೆ. ಕೊಳವೆಯಲ್ಲೂ ಹಾಗೇ: ಪುಡಿಗೆ ಹೆಚ್ಚು ಅಂಟುವ ವಸ್ತು ಹಿಂದೆ ಬೀಳುತ್ತದೆ, ಕಡಿಮೆ ಅಂಟುವುದು ಮುಂದೆ ಹೋಗುತ್ತದೆ.

1941ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಉಣ್ಣೆಯ ಸಂಶೋಧನೆ ಮಾಡುತ್ತಿದ್ದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಹೊಸ ದಾರಿ ಹಿಡಿದರು. ಸಿಲಿಕಾ ಪುಡಿಯಲ್ಲಿ ನೀರು ಹಿಡಿದಿಟ್ಟು, ಅದರ ಮೇಲೆ ಕ್ಲೋರೊಫಾರ್ಮ್ ಹರಿಸಿದರು. ಯಾವ ವಸ್ತು ನೀರಿನಲ್ಲಿ ಹೆಚ್ಚು ಕರಗುತ್ತದೋ ಅದು ತಡವಾಗಿ ಹೊರಗೆ ಬರುತ್ತದೆ. ಇದಕ್ಕೆ 1952ರಲ್ಲಿ ನೊಬೆಲ್ ಬಂತು. ಹರಿಯುವುದು ದ್ರವವೇ ಆಗಬೇಕಿಲ್ಲ, ಅನಿಲವೂ ಆಗಬಹುದು ಎಂದು ಅವರು 1941ರಲ್ಲೇ ಬರೆದಿದ್ದರು. ಹತ್ತು ವರ್ಷ ಯಾರೂ ಆ ಮಾತು ಕೈಗೆತ್ತಿಕೊಳ್ಳಲಿಲ್ಲ. ಕೊನೆಗೆ ಮಾರ್ಟಿನ್ ಅವರೇ, ಜೇಮ್ಸ್ ಎಂಬವರ ಜೊತೆ ಸೇರಿ, 1952ರಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮಾಡಿ ತೋರಿಸಿದರು. 1957ರ ಹೊತ್ತಿಗೆ ಮಾರ್ಸೆಲ್ ಗೊಲೆ ಎಂಬವರು ಕೂದಲಿನಂಥ ಉದ್ದನೆಯ ಕೊಳವೆಯ ಲೆಕ್ಕಾಚಾರ ಕೊಟ್ಟರು. ಇಂದು ಲ್ಯಾಬಿನ ಓವನ್‌ನಲ್ಲಿ ಸುರುಳಿ ಸುತ್ತಿಟ್ಟ ಕೊಳವೆ ಸಾಮಾನ್ಯವಾಗಿ 30 ಮೀಟರ್ ಉದ್ದ, ಒಳಗಿನ ತೂತು ಕಾಲು ಮಿಲಿಮೀಟರ್.

ಗಂಧದೆಣ್ಣೆಯ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಸ್ಯಾಂಟಲಾಲ್‌ನಲ್ಲೂ ಆಲ್ಫಾ, ಬೀಟಾ ಎಂಬ ಬಗೆಗಳಿವೆ. ಎರಡರ ತೂಕವೂ ಒಂದೇ, ಜೋಡಣೆ ಮಾತ್ರ ಬೇರೆ. ಈ ಕೊಳವೆ ಅವನ್ನು ಬಿಡಿಸಿ, ಗ್ರಾಫಿನಲ್ಲಿ ಬೇರೆ ಬೇರೆ ಶಿಖರಗಳಾಗಿ ತೋರಿಸುತ್ತದೆ. ಫಾರ್ನೆಸಾಲ್‌ಗೆ ಅದರದ್ದೇ ಶಿಖರ. 2002ರ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾನದಂಡ ಹಳೆಯ ಮೊತ್ತ ಬಿಟ್ಟು ಹೊಸ ಅಂಕಿ ಕೊಟ್ಟಿತು: ಆಲ್ಫಾ ಶೇ. 41ರಿಂದ 55, ಬೀಟಾ ಶೇ. 16ರಿಂದ 24. ಎರಡರ ಮೇಲಿನ ಮಿತಿ ಕೂಡಿಸಿದರೂ 79. ಅಂದರೆ ಹಳೆಯ 90ರಲ್ಲಿ ಬೇರೆ ಆಲ್ಕೋಹಾಲ್‌ಗಳೂ ಸೇರಿದ್ದವು. 2004ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಪರೀಕ್ಷಿಸಿದ ಗಂಧದೆಣ್ಣೆಗಳಲ್ಲಿ ಒಂದರಲ್ಲೂ ಶೇ. 90 ಸ್ಯಾಂಟಲಾಲ್ ಸಿಗಲಿಲ್ಲ.

ಹಾಗಾಗಿ ಲ್ಯಾಬಿನ ರಿಪೋರ್ಟಿನಲ್ಲಿ ಆಲ್ಫಾ, ಬೀಟಾ ಸೇರಿ 70 ಬಂದರೆ ನಿಮ್ಮ ಎಣ್ಣೆ ಕಳಪೆ ಎಂದು ಯಾರಾದರೂ ಬೆಲೆ ಇಳಿಸಲು ಬಂದರೆ ಒಪ್ಪಬೇಡಿ. ಪೂರ್ತಿ ಗ್ರಾಫ್ ಕೇಳಿ. ಆಲ್ಫಾ ಎಷ್ಟು, ಬೀಟಾ ಎಷ್ಟು ಎಂದು ಬೇರೆ ಬೇರೆ ಕೇಳಿ.

ಈ ಯಂತ್ರಕ್ಕೂ ಕಾಣದ್ದು ಒಂದಿದೆ. ಹರಳೆಣ್ಣೆ ಕಲಬೆರಕೆ ಮಾಡಿದರೆ ಅದು ಸುಲಭವಾಗಿ ಆವಿಯಾಗುವುದಿಲ್ಲ, ಕೊಳವೆ ದಾಟಿ ಹೊರಗೆ ಬರುವುದೂ ಇಲ್ಲ. ಹೊರಗೆ ಬಂದದ್ದರಲ್ಲೇ ಶೇಕಡಾ ಲೆಕ್ಕ ಹಾಕಿದರೆ ಅಂಕಿಗಳು ಚೆನ್ನಾಗಿಯೇ ಕಾಣುತ್ತವೆ. ಅದಕ್ಕೇ ಮಾನದಂಡದಲ್ಲಿ ಹಳೆಯ ಒಂದು ಪರೀಕ್ಷೆ ಹಾಗೇ ಉಳಿದಿದೆ. ಒಂದು ಪಾಲು ಎಣ್ಣೆಗೆ ಶೇ. 70ರ ಆಲ್ಕೋಹಾಲ್ (ಎಥನಾಲ್) ಐದು ಪಾಲು ಹಾಕಿದರೆ, 20 ಡಿಗ್ರಿಯಲ್ಲಿ ಒಳ್ಳೆಯ ಗಂಧದೆಣ್ಣೆ ಪೂರ್ತಿ ಕರಗಬೇಕು. ಹರಳೆಣ್ಣೆಯಿದ್ದರೆ ದ್ರಾವಣ ಮಬ್ಬಾಗುತ್ತದೆ. ಗ್ರಾಫ್ ಕೇಳುವಾಗ ಇದರ ಫಲಿತಾಂಶವನ್ನೂ ಬರೆಸಿಕೊಳ್ಳಿ.