ಪ್ರಿನ್ಸ್ ಆಫ್ ಪರ್ಷಿಯಾ: ನಿಜಕ್ಕೂ ಒಳ್ಳೆ ಗೇಮಾ, ಬರೀ ಹಳೇ ನೆನಪಾ?

ಪ್ರಶ್ನೆ: ಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಆಡಿದ್ದ ಪ್ರಿನ್ಸ್ ಆಫ್ ಪರ್ಷಿಯಾವನ್ನು ಇತ್ತೀಚೆಗೆ ಮತ್ತೆ ಆಡಿ ನೋಡಿದೆ. ಕೀ ಒತ್ತಿದ ತಕ್ಷಣ ಹಾರುವುದೇ ಇಲ್ಲ. ಓಡುತ್ತಿರುವವನನ್ನು ನಿಲ್ಲಿಸಿದರೆ ಜಾರಿಕೊಂಡು ಹೋಗಿ ಗುಂಡಿಗೆ ಬೀಳುತ್ತಾನೆ. ಇಷ್ಟು ಕೆಟ್ಟ ಕಂಟ್ರೋಲ್ ಇರುವ ಗೇಮನ್ನು ಎಲ್ಲರೂ ಯಾಕೆ ಹೊಗಳುತ್ತಾರೆ?

ಉತ್ತರ: ಗೇಮ್ ಒಳ್ಳೆಯದೇ. ಅದರಲ್ಲಿ ದೋಷಗಳೂ ಇವೆ, ಆದರೆ ನೀವು ದೂರುತ್ತಿರುವ ಕಂಟ್ರೋಲನ್ನು ನಾನು ಆ ಪಟ್ಟಿಗೆ ಸೇರಿಸುವುದಿಲ್ಲ. ಈ ನಿಧಾನಗತಿಗೆ ಹಳೇ ಕಂಪ್ಯೂಟರನ್ನು ಬೈಯುವವರು ಒಂದು ಸಂಗತಿ ಮರೆಯುತ್ತಾರೆ: ಇದಕ್ಕಿಂತ ನಾಲ್ಕು ವರ್ಷ ಮೊದಲೇ, 1985ರಲ್ಲೇ ಬಂದ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಕೀ ಒತ್ತಿದ ಕೂಡಲೇ ಮಾರಿಯೋ ಜಿಗಿಯುತ್ತಾನೆ, ಗಾಳಿಯಲ್ಲೇ ದಿಕ್ಕನ್ನೂ ಬದಲಿಸುತ್ತಾನೆ. ಪ್ರಿನ್ಸ್ ಹಾಗೆ ಮಾಡದಿರುವುದು ಬೇಕೆಂದೇ.

ಜೋರ್ಡನ್ ಮೆಕ್ನರ್ ಈ ಗೇಮನ್ನು ಆಪಲ್ 2 ಕಂಪ್ಯೂಟರಿಗೆ ಹೆಚ್ಚುಕಡಿಮೆ ಒಬ್ಬರೇ ಕೂತು ಬರೆದರು. 1985ರಲ್ಲಿ ಶುರುವಾದ ಕೆಲಸ ಮುಗಿದು, ಬ್ರೋಡರ್‌ಬಂಡ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1989ರಲ್ಲಿ. ಮೊದಲು ಅವರು ತಮ್ಮ ಕಿರಿಯ ಸೋದರ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ, ಒಂದು ಪಾರ್ಕಿಂಗ್ ಜಾಗದಲ್ಲಿ ಓಡಿಸಿ, ಹಾರಿಸಿ ವಿಡಿಯೋ ತೆಗೆದರು. ಆ ಟೇಪನ್ನು ಟಿವಿಯಲ್ಲಿ ಹಾಕಿ, ಒಂದೊಂದು ಫ್ರೇಮಿನಲ್ಲೂ ನಿಲ್ಲಿಸಿ, ಪರದೆಯ ಫೋಟೋ ಹೊಡೆದರು. ಪ್ರಿಂಟು ಹಾಕಿಸಿದ ಫೋಟೋಗಳ ಮೇಲೆ ಕಪ್ಪು ಮಾರ್ಕರ್, ವೈಟ್ನರ್ ಹಿಡಿದು ಆಕಾರ ಬಿಡಿಸಿ, ಆಮೇಲೆ ಕಂಪ್ಯೂಟರಿಗೆ ಇಳಿಸಿದರು. ಅಂಚು ಹಿಡಿದು ಮೇಲೆ ಹತ್ತುವಾಗ ಪ್ರಿನ್ಸ್ ಮೊಣಕಾಲು ಊರುತ್ತಾನಲ್ಲ, ಅದು ಒಬ್ಬ ನಿಜವಾದ ಹುಡುಗನ ಮೈ.

ನಿಜವಾದ ಮೈಗೆ ತೂಕ ಇರುತ್ತದೆ. ಓಡುವವನು ನಿಲ್ಲಬೇಕಾದರೆ ಒಂದೆರಡು ಹೆಜ್ಜೆ ಬೇಕು. ಆದ್ದರಿಂದ ಇಲ್ಲಿ ನೀವು ಕೀ ಒತ್ತಿದಾಗ, ನಡೆಯುತ್ತಿರುವ ಚಲನೆ ಒಂದು ಹಂತಕ್ಕೆ ಬಂದ ಮೇಲಷ್ಟೇ ಮುಂದಿನದು ಶುರುವಾಗುತ್ತದೆ. ಒಂದು ಪರದೆಯೆಂದರೆ ಅಡ್ಡಕ್ಕೆ 10 ಚೌಕ, ಮೂರು ಅಂತಸ್ತು. ಓಟದ ಹಾರು ಎಷ್ಟು ಚೌಕ ದಾಟುತ್ತದೆ, ನಿಂತಲ್ಲಿಂದ ಹಾರಿದರೆ ಎಷ್ಟು ಎಂಬುದು ಎಂದೂ ಬದಲಾಗುವುದಿಲ್ಲ. ಒಂದು ಅಂತಸ್ತು ಬಿದ್ದರೆ ಏನೂ ಆಗದು, ಎರಡು ಬಿದ್ದರೆ ಒಂದು ಲೈಫ್ ಹೋಗುತ್ತದೆ, ಮೂರು ಬಿದ್ದರೆ ಕಥೆ ಮುಗಿಯಿತು. ಅಂದರೆ ಇದು ಬೆರಳಿನ ಚುರುಕಿಗಿಂತ ಲೆಕ್ಕಾಚಾರ ಕೇಳುವ ಆಟ, ಒಂದು ಲೆಕ್ಕದಲ್ಲಿ ಚದುರಂಗದ ಹಾಗೆ. ನೆಲದಿಂದ ಏಳುವ ಮೊಳೆಗಳನ್ನೇ ನೋಡಿ: ಓಡಿದರೆ ಚುಚ್ಚಿಕೊಂಡು ಸಾಯುತ್ತೀರಿ, ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರೆ ಅವುಗಳ ನಡುವೆಯೇ ಆರಾಮಾಗಿ ದಾಟಬಹುದು. ಅಲುಗಾಡುವ ಕಲ್ಲು ಯಾವುದೆಂದು ಗೊತ್ತಾಗದಿದ್ದರೆ ನಿಂತಲ್ಲೇ ಒಮ್ಮೆ ಮೇಲಕ್ಕೆ ಜಿಗಿಯಿರಿ. ಸಡಿಲವಾದದ್ದು ನಡುಗಿ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ.

ಇನ್ನು ನೆರಳಿನ ಪ್ರಿನ್ಸ್. ಅನಿಮೇಶನ್ನೇ ಮೆಮೊರಿಯನ್ನೆಲ್ಲ ತಿಂದುಹಾಕಿದ್ದರಿಂದ ಹೊಸ ಪಾತ್ರಕ್ಕೆ ಜಾಗವೇ ಇರಲಿಲ್ಲ. ಆಗ ಮೆಕ್ನರ್ ಇದ್ದ ಚಿತ್ರಗಳನ್ನೇ ಬೇರೆ ಥರ ಮೂಡಿಸಿ ಎದುರಾಳಿಯೊಬ್ಬನನ್ನು ಹುಟ್ಟಿಸಿದರು. ನಾಲ್ಕನೇ ಲೆವೆಲ್‌ನಲ್ಲಿ ಕನ್ನಡಿಯೊಳಗೆ ಓಡಿ ಹಾರಿದರೆ ಆ ಕಡೆಯಿಂದ ಅವನು ಹೊರಗೆ ಬರುತ್ತಾನೆ, ನಿಮ್ಮ ಲೈಫ್ ಒಂದಕ್ಕೆ ಇಳಿಯುತ್ತದೆ. ಮುಂದಿನ ಲೆವೆಲ್‌ನಲ್ಲಿ ನಿಮ್ಮ ಕಣ್ಣೆದುರೇ ಔಷಧದ ಬಾಟಲಿ ಕುಡಿದು ಹೋಗುತ್ತಾನೆ. ಕೊನೆಯಲ್ಲಿ ಕತ್ತಿ ಹಿರಿದು ಎದುರು ನಿಂತಾಗ ಅವನಿಗೆ ಹೊಡೆದ ಪೆಟ್ಟು ನಿಮಗೇ ತಗಲುತ್ತದೆ. ಕತ್ತಿಯನ್ನು ಒರೆಗೆ ಹಾಕಿ ಸುಮ್ಮನೆ ಅವನ ಕಡೆ ನಡೆದರೆ ಇಬ್ಬರೂ ಒಂದಾಗುತ್ತಾರೆ. ಒಂದು ಮಾತೂ ಆಡದೆ ಇಷ್ಟು ಹೇಳಿದ ಗೇಮ್ ಆ ಕಾಲದಲ್ಲಿ ಮತ್ತೊಂದನ್ನು ನಾನು ಕಂಡಿಲ್ಲ.

ಹಾಗಾದರೆ ದೋಷ ಎಲ್ಲಿ? ಮೊದಲನೆಯದು, ಇಡೀ ಆಟವನ್ನು 60 ನಿಮಿಷದಲ್ಲಿ ಮುಗಿಸಬೇಕೆಂಬ ಗಡುವು. ಮೊದಲ ಲೆವೆಲ್‌ಗಳಿಗೆ ಅದು ಬಿಸಿ ಮುಟ್ಟಿಸುತ್ತದೆ, ನಿಜ. ಆದರೆ ಆಟ ಸೇವ್ ಮಾಡಿದಾಗ ಕಳೆದ ಸಮಯವೂ ಸೇವ್ ಆಗುತ್ತದೆ. ಐದನೇ ಲೆವೆಲ್‌ನಲ್ಲಿ ತಡಕಾಡಿದ್ದಕ್ಕೆ ಹತ್ತನೇ ಲೆವೆಲ್‌ನಲ್ಲಿ ಶಿಕ್ಷೆ ಬಿದ್ದರೆ ಮತ್ತೆ ಹಿಂದಕ್ಕೆ ಹೋಗಬೇಕು. ಹುಡುಕಾಡು ಎನ್ನುವ ಆಟವೇ ಹುಡುಕಾಟಕ್ಕೆ ದಂಡ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಎರಡನೆಯದು ಕತ್ತಿವರಸೆ: ನೋಡಲು ಸೊಗಸು, ಆದರೆ ತಡೆ-ಹೊಡೆ ಲಯ ಕೈಗೆ ಬಂದ ಮೇಲೆ ಹೆಚ್ಚಿನ ಕಾವಲುಗಾರರು ಒಂದೇ ಥರ ಸಾಯುತ್ತಾರೆ. ಮೂರನೇ ಲೆವೆಲ್‌ನ ಅಸ್ಥಿಪಂಜರ ಎಷ್ಟು ಹೊಡೆದರೂ ಸಾಯದೆ, ಗುಂಡಿಗೆ ನೂಕಬೇಕಾಗುತ್ತದಲ್ಲ, ಅಂಥ ಬದಲಾವಣೆ ಇನ್ನೂ ನಾಲ್ಕಾರು ಬೇಕಿತ್ತು. ಕಥೆಯಂತೂ ದುಷ್ಟ ಮಂತ್ರಿ, ಬಂಧಿ ರಾಜಕುಮಾರಿ, ಅಷ್ಟೇ. ಆಕೆ ಮಾಡುವ ಒಂದೇ ಕೆಲಸ ಎಂಟನೇ ಲೆವೆಲ್‌ನಲ್ಲಿ ಬಾಗಿಲು ತೆರೆಯಲು ಇಲಿಯನ್ನು ಕಳಿಸುವುದು.

ಅಂದಹಾಗೆ, ಹೊರಬಂದಾಗ ಇದು ಚೆನ್ನಾಗಿ ಮಾರಾಟವಾಗಲಿಲ್ಲ. ಆಪಲ್ 2ರ ಕಾಲ ಅಷ್ಟರಲ್ಲಿ ಮುಗಿಯುತ್ತಿತ್ತು. ಬೇರೆ ಬೇರೆ ಯಂತ್ರಗಳಿಗೆ ಬಂದ ಮೇಲೆ ಹೆಸರಾಯಿತು. ನಾವು ಲ್ಯಾಬಿನಲ್ಲಿ ಆಡಿದ್ದು 1990ರ ಡಾಸ್ (ಹಳೇ ಪಿಸಿಗಳ ಆಪರೇಟಿಂಗ್ ಸಿಸ್ಟಮ್) ಆವೃತ್ತಿ. ಅದರಲ್ಲಿ ನಕಲು ಪ್ರತಿ ಆಡದಂತೆ ತಡೆಯಲೆಂದು, ಮೊದಲ ಲೆವೆಲ್ ಮುಗಿದ ಮೇಲೆ ಕೈಪಿಡಿ ನೋಡಿ ಸರಿಯಾದ ಅಕ್ಷರದ ಬಾಟಲಿ ಕುಡಿಯಬೇಕಿತ್ತು. ಫ್ಲಾಪಿಯಿಂದ ಫ್ಲಾಪಿಗೆ ದಾಟಿ ಬಂದ ನಮ್ಮ ಕಾಪಿಗಳಿಗೆ ಕೈಪಿಡಿ ಎಲ್ಲಿಂದ ಬರಬೇಕು!

ಈಗ ಆಡುವುದಾದರೆ ಹೀಗೆ ಮಾಡಿ. ಮೊದಲ ಲೆವೆಲ್‌ನಲ್ಲಿ ಕತ್ತಿ ಹುಡುಕುವ ಗೋಜಿಗೆ ಹೋಗದೆ, ಬರೀ ಹತ್ತುವುದು, ನೇತಾಡುವುದು, ಅಂಚಿನ ತನಕ ಶಿಫ್ಟ್ ಹೆಜ್ಜೆ ಇಡುವುದು, ಇಷ್ಟನ್ನೇ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ. ಬೀಳುವಾಗ ಶಿಫ್ಟ್ ಒತ್ತಿದರೆ ಅಂಚನ್ನು ಹಿಡಿದುಕೊಳ್ಳುತ್ತಾನೆ. ಮೂರನೇ ಲೆವೆಲ್‌ನಿಂದ ಕಂಟ್ರೋಲ್ ಮತ್ತು ಜಿ ಒತ್ತಿ ಸೇವ್ ಮಾಡಬಹುದು. ಗಡುವು ತೀರಾ ಕಾಡಿದರೆ, ಡಾಸ್‌ನಲ್ಲಿ ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡಿ ಗೇಮ್ ಶುರುಮಾಡುವ ಹಳೇ ದಾರಿ ಇದ್ದೇ ಇದೆ. ಶಿಫ್ಟ್ ಮತ್ತು ಎಲ್ ಒತ್ತಿ ಲೆವೆಲ್ ಹಾರಿಸಿಕೊಂಡು ಹೋದರೆ ಯಾರೂ ನಿಮ್ಮನ್ನು ಕೇಳುವುದಿಲ್ಲ.