ಐದು ದಿನ ಟಾನಿಕ್ ಬೇಡ

ಸಕಲೇಶಪುರದ ಕಡೆ ಆಷಾಢದ ಮಳೆ ಹಿಡಿದರೆ ಕೋಳಿಗೂಡಿನ ನೆಲ ಒಣಗುವುದೇ ಇಲ್ಲ. ಹೋದ ವರ್ಷ ನಮ್ಮ ದೊಡ್ಡಮ್ಮನ ಮನೆಯಲ್ಲಿ ಮೂರು ವಾರದ ಮರಿಗಳು ರೆಕ್ಕೆ ಇಳಿಬಿಟ್ಟು, ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ಮುದುಡಿ ನಿಂತಿದ್ದವು. ಹಿಕ್ಕೆಯಲ್ಲಿ ರಕ್ತ. ಪಶು ವೈದ್ಯರು ನೋಡಿ, ರಕ್ತಭೇದಿ ಎಂದರು. ನೀರಿಗೆ ಬೆರೆಸಲು ಆಂಪ್ರೋಲಿಯಂ ಪುಡಿ ಕೊಟ್ಟರು. ಮರಿಗಳು ಸೊರಗಿವೆಯಲ್ಲ ಅಂತ ದೊಡ್ಡಮ್ಮ ಅದೇ ನೀರಿಗೆ ಬಿ ಕಾಂಪ್ಲೆಕ್ಸ್ ಟಾನಿಕ್ ಕೂಡ ಹಾಕಲು ಹೊರಟರು. "ಅದು ಬೇಡಮ್ಮ, ಐದು ದಿನ ಬಿಡಿ" ಎಂದು ವೈದ್ಯರು ತಡೆದರು.

ಸೊರಗಿದ ಮರಿಗೆ ವಿಟಮಿನ್ ಬೇಡ ಅಂದರೆ ಹೇಗೆ? ಅದು ತಿಳಿಯಬೇಕಾದರೆ ಬೇರೆ ಕೋಳಿಗಳ ಕಥೆ ಕೇಳಬೇಕು. 1890ರ ಆಸುಪಾಸು, ಈಗ ಜಕಾರ್ತ ಎನ್ನುವ ಊರಿನಲ್ಲಿ, ಕ್ರಿಸ್ತಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಮನುಷ್ಯರ ಕೈಕಾಲು ಸೋಲಿಸುವ ಬೆರಿಬೆರಿ ಕಾಯಿಲೆಯ ಕಾರಣ ಹುಡುಕುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಪ್ರಯೋಗದ ಕೋಳಿಗಳ ಕಾಲು ಸೋತವು. ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಆ ಅನ್ನ ಕೊಡುವುದಿಲ್ಲ ಎಂದ. ತೌಡು ತೆಗೆಯದ ಅಕ್ಕಿ ತಿಂದ ಮೇಲೆ ಕೋಳಿಗಳು ಎದ್ದು ಓಡಾಡಿದವು! ತೌಡಿನಲ್ಲಿದ್ದ ಆ ವಸ್ತುವೇ ವಿಟಮಿನ್ ಬಿ1. ಅದನ್ನು ಹರಳಾಗಿ ಬೇರ್ಪಡಿಸಿದ್ದು 1926ರಲ್ಲಿ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ಬಿ1 ಇಲ್ಲದಿದ್ದರೆ ಜೀವಕೋಶಕ್ಕೆ ಸಕ್ಕರೆಯಿಂದ ಪೂರ್ತಿ ಶಕ್ತಿ ತೆಗೆಯಲು ಆಗುವುದಿಲ್ಲ. ಸೌದೆ ಇದ್ದೂ ಒಲೆ ಹತ್ತದ ಹಾಗೆ. ನರಗಳಿಗೆ ಇದರ ಪೆಟ್ಟು ಬೇಗ ತಗಲುತ್ತದೆ.

ರಕ್ತಭೇದಿ ತರುವುದು ಐಮೇರಿಯಾ ಎಂಬ ಏಕಕೋಶ ಜೀವಿ. ಒದ್ದೆ ನೆಲದಲ್ಲಿ ಒಂದೆರಡು ದಿನದಲ್ಲೇ ಇದರ ಮೊಟ್ಟೆಯಂಥ ಕಣಗಳು ರೋಗ ಹರಡಲು ಸಿದ್ಧವಾಗುತ್ತವೆ. ಮರಿಯ ಹೊಟ್ಟೆ ಸೇರಿದರೆ ಕರುಳಿನ ಗೋಡೆಯೊಳಗೆ ನುಗ್ಗಿ ಸಂಖ್ಯೆ ಬೆಳೆಸಿಕೊಳ್ಳುತ್ತದೆ. ಅದಕ್ಕೂ ಬಿ1 ಬೇಕೇ ಬೇಕು. ಆಂಪ್ರೋಲಿಯಂ ನೋಡಲು ಬಿ1ನ ಹಾಗೇ ಇದೆ, ಅಣುವಿನ ಒಂದು ಭಾಗ ಹೆಚ್ಚುಕಡಿಮೆ ಅದೇ. ಹಾಗಾಗಿ ಬಿ1 ಒಳಹೋಗುವ ಬಾಗಿಲಲ್ಲಿ ಇದು ಅಡ್ಡ ನಿಲ್ಲುತ್ತದೆ. ಒಳಗೆ ಹೋದರೂ ಬಿ1ನ ಕೆಲಸ ಇದಕ್ಕೆ ಬಾರದು. ಬಿ1 ಕೆಲಸಕ್ಕಿಳಿಯಲು ಫಾಸ್ಫೇಟ್ ಅಂಟಿಸಿಕೊಳ್ಳಬೇಕು, ಆಂಪ್ರೋಲಿಯಂನಲ್ಲಿ ಅದಕ್ಕೆ ಜಾಗವೇ ಇಲ್ಲ. ಐಮೇರಿಯಾದ ಬಾಗಿಲು ಕೋಳಿಯದಕ್ಕಿಂತ ಎಷ್ಟೋ ಸುಲಭವಾಗಿ ಕಟ್ಟಿಹೋಗುತ್ತದೆ. ಅಳತೆ ಸರಿಯಿದ್ದರೆ ಐಮೇರಿಯಾ ಉಪವಾಸ ಬೀಳುತ್ತದೆ, ಮರಿ ಉಳಿಯುತ್ತದೆ. ಎಂಥ ಸೂಕ್ಷ್ಮ ಲೆಕ್ಕ, ಅಲ್ವಾ?

ಬಿ ಕಾಂಪ್ಲೆಕ್ಸ್ ಟಾನಿಕ್‌ನಲ್ಲಿ ಬಿ1 ಇರುವುದರಿಂದ ಅದು ಈ ಲೆಕ್ಕವನ್ನೇ ಕೆಡಿಸುತ್ತದೆ. ಬಿ1 ರಾಶಿ ಬಿದ್ದರೆ ಬಾಗಿಲಲ್ಲಿ ಅದರದೇ ಮೇಲುಗೈ. ಆಹಾರಕ್ಕೆ ಹೆಚ್ಚುವರಿ ಬಿ1 ಸೇರಿಸಿದಾಗ ಔಷಧಿಯ ಬಲ ಇಳಿಯುವುದನ್ನು ಕೋಳಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಂತ ಬೇಗ ವಾಸಿಯಾಗಲಿ ಎಂದು ಪುಡಿಯನ್ನೇ ಜಾಸ್ತಿ ಹಾಕುವುದೂ ಅಪಾಯ. ಆಗ ಮರಿಗೇ ಬಿ1 ಕೊರತೆ ಬಂದು, ಕತ್ತು ಹಿಂದಕ್ಕೆ ಬಾಗಿ, ಆಕಾಶ ನೋಡುತ್ತಾ ಕೂರುತ್ತದೆ. ಆ ಹೊತ್ತಿಗೆ ಬಿ1 ಕೊಡುವುದೇ ಚಿಕಿತ್ಸೆ. ಕರು, ಕುರಿಮರಿಗಳಲ್ಲಿ ಬಿ1 ಕೊರತೆಯ ಮಿದುಳಿನ ಕಾಯಿಲೆಯನ್ನು ಅಧ್ಯಯನ ಮಾಡಲು ವಿಜ್ಞಾನಿಗಳು ಬೇಕೆಂದೇ ಆಂಪ್ರೋಲಿಯಂ ಅನ್ನು ಜಾಸ್ತಿ ಕೊಟ್ಟು ನೋಡಿದ್ದಾರೆ.

"ಹಂಗಾದ್ರೆ ತೌಡೂ ಹಾಕಬಾರ್ದಾ ಡಾಕ್ಟ್ರೇ?" ದೊಡ್ಡಮ್ಮ ಕೇಳಿದರು. ದಿನಾ ಹಾಕುವಷ್ಟು ಹಾಕಿ, ಅದರಿಂದ ತೊಂದರೆಯಿಲ್ಲ, ಮೊದಲು ಗೂಡಿನ ನೆಲಕ್ಕೆ ಹಾಸಿದ ಆ ಒದ್ದೆ ಹೊಟ್ಟನ್ನು ಹೊರಗೆ ಹಾಕಿ ಎಂದರು ವೈದ್ಯರು. ಟಾನಿಕ್ ಬಾಟಲಿ ಅಟ್ಟಕ್ಕೆ ಹೋಯಿತು. ಆರನೇ ದಿನ ಬೆಳಗ್ಗೆ ದೊಡ್ಡಮ್ಮ ತಾವೇ ಇಳಿಸಿಕೊಂಡರು.